ಓದುಗರ ಪ್ರಶ್ನೆ: ಕಡಲತೀರದ ಸರ್ಕಾರಿ ಜಮೀನನ್ನು ಜಲಕೃಷಿಗೆ ಮೀಸಲಿಡಬಹುದೇ?

ಪ್ರಶ್ನೆ: ತೀರದಲ್ಲಿ ಪಾಳು ಬಿದ್ದಿರುವ ಸರ್ಕಾರಿ ಜಮೀನನ್ನು ಸೀಗಡಿ, ಮೀನು ಸಾಕಣೆಗೆ ಮೀಸಲಿಟ್ಟರೆ ಆಹಾರವೂ ಉದ್ಯೋಗವೂ ಹೆಚ್ಚುತ್ತವೆ ಎನ್ನುವವರಿದ್ದಾರೆ, ತೀರವೇ ಹಾಳಾಗುತ್ತದೆ ಎನ್ನುವವರೂ ಇದ್ದಾರೆ. ಯಾರ ಮಾತು ಸರಿ? ಮೀಸಲಿಡುವುದೇ ಆದರೆ ಯಾವ ಷರತ್ತಿನ ಮೇಲೆ ಇಡಬೇಕು?

ಉತ್ತರ: ಬೇಡಿಕೆ ನಿಜವಾದದ್ದೇ. 2022ರಲ್ಲಿ ಜಗತ್ತಿನಾದ್ಯಂತ ಸಾಕಿ ಬೆಳೆಸಿದ ಮೀನು, ಸೀಗಡಿ, ಚಿಪ್ಪುಜೀವಿಗಳ ಪ್ರಮಾಣ ಸುಮಾರು 9.44 ಕೋಟಿ ಟನ್ ಮುಟ್ಟಿ, ಕಡಲು ಮತ್ತು ಒಳನಾಡಿನ ನೀರಿನಿಂದ ಹಿಡಿದ ಪ್ರಮಾಣವನ್ನು ಮೊದಲ ಬಾರಿಗೆ ಮೀರಿತು. ಆದ್ದರಿಂದ ಜಲಕೃಷಿಯೇ ಬೇಡ ಎಂದು ನಾನು ಹೇಳಲಾರೆ. ನನ್ನ ತಕರಾರು ಇರುವುದು ತಾವು ಬಳಸಿರುವ ‘ಪಾಳು’ ಎಂಬ ಮಾತಿನ ಬಗ್ಗೆ. ಬೆಳೆಯಿಲ್ಲ, ಕಂದಾಯವಿಲ್ಲ ಎಂಬ ಕಾರಣಕ್ಕೆ ದಾಖಲೆಯಲ್ಲಿ ಖರಾಬು ಎಂದು ಬರೆದಿಟ್ಟ ಜಾಗಕ್ಕೆ ಉಬ್ಬರದ ನೀರು ತಪ್ಪದೆ ಬಂದು ಹೋಗುತ್ತಿರುತ್ತದೆ, ಕಾಂಡ್ಲಾ (ಉಬ್ಬರದ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ) ಬೇರುಗಳ ನಡುವೆ ಮೀನಿನ ಮರಿಗಳು ಬಲಿಯುತ್ತಿರುತ್ತವೆ, ಇಳಿತದ ಹೊತ್ತಿನಲ್ಲಿ ಹೆಂಗಸರು ಚಿಪ್ಪು ಹೆಕ್ಕುತ್ತಿರುತ್ತಾರೆ, ಮೇಲಿನ ದಿಬ್ಬದಲ್ಲಿ ಬಲೆ ಒಣಗುತ್ತಿರುತ್ತದೆ. ಇವರಲ್ಲಿ ಯಾರ ಬಳಿಯೂ ಕಾಗದಪತ್ರವಿಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ಆ ಜಾಗದ ಬಳಕೆಯನ್ನು ಒಂದು ಪೂರ್ತಿ ವರ್ಷ, ಎಲ್ಲ ಋತುಗಳಲ್ಲಿಯೂ, ಅಲ್ಲಿನವರ ಬಾಯಿಂದಲೇ ಕೇಳಿ ಬರೆದಿಡಬೇಕು. ಅದಾಗದೆ ಮೀಸಲಿಡುವುದೆಂದರೆ ಒಬ್ಬರ ಕೈಯಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದೇ ಆಗುತ್ತದೆ.

ಇನ್ನು ಮಣ್ಣು. ಕಾಂಡ್ಲಾ ಬೆಳೆದಿರುವ, ಅಥವಾ ಹಿಂದೆಂದೋ ಬೆಳೆದಿದ್ದ ಜಾಗದಲ್ಲಿ ಒಂದು ಮೀಟರ್ ಅಗೆದರೆ ಅನೇಕ ಕಡೆ ನೀಲಿ ಛಾಯೆಯ ಬೂದು ಕೆಸರು ಸಿಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಅಡರುತ್ತದೆ. ನೀರಿನಡಿ ಇರುವವರೆಗೆ ಅದರಿಂದ ತೊಂದರೆಯಿಲ್ಲ. ಅದನ್ನೇ ಮೇಲೆತ್ತಿ ಏರಿ ಕಟ್ಟಿದಾಗ ಒಳಗಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಗಾಳಿ ತಾಕಿ ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಏರಿಯ ಬಿರುಕುಗಳಲ್ಲಿ ಒಣಹುಲ್ಲಿನಂಥ ಹಳದಿ ಕಲೆ ಕಾಣಿಸಿಕೊಂಡರೆ ಆಮ್ಲ ತಯಾರಾಗಿದೆ ಎಂದೇ ಅರ್ಥ. ಜೋರು ಮಳೆ ಬಂದಾಗ ಆ ಆಮ್ಲವೂ ಅದು ಕರಗಿಸಿದ ಅಲ್ಯೂಮಿನಿಯಂ, ಕಬ್ಬಿಣವೂ ಕೊಳಕ್ಕೆ ಇಳಿದು, ಕಿವಿರು ಕೆಟ್ಟು ಮೀನು ಸತ್ತು ತೇಲುತ್ತವೆ. ಇದನ್ನು ಮೊದಲೇ ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮಣ್ಣಿನ ಮಾದರಿಯನ್ನು ತೇವ ಆರದಂತೆ ಕೆಲವು ವಾರ ಗಾಳಿಗೆ ಒಡ್ಡಿಟ್ಟು ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚೆಂದು ತೋರಿಸುವ ಅಳತೆ) ಅಳೆದು, ಅದು 4ಕ್ಕಿಂತ ಕೆಳಗಿಳಿದರೆ ಆ ಜಾಗವನ್ನು ಪಟ್ಟಿಯಿಂದ ತೆಗೆದುಹಾಕಿದರಾಯಿತು.

ಜಮೀನಿಗಿಂತ ಮೊದಲು ನೀರಿನ ದಾರಿಯನ್ನು ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗದ ವೈರಸ್ ಏಷ್ಯಾದ ಸೀಗಡಿ ಕೊಳಗಳನ್ನು ಒಂದಾದ ಮೇಲೊಂದರಂತೆ ಬರಿದು ಮಾಡಿದಾಗ, ಒಬ್ಬನ ಕೊಳ ಹೊರಬಿಟ್ಟ ನೀರನ್ನೇ ಪಕ್ಕದವನ ಪಂಪು ಒಳಗೆಳೆದುಕೊಳ್ಳುತ್ತಿದ್ದುದು ರೋಗ ಹರಡಲು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಒಳಬರುವ ಕಾಲುವೆ, ಹೊರಹೋಗುವ ಕಾಲುವೆ, ನೀರು ತಿಳಿಯಾಗುವ ಕೊಳ ಇವು ಮೂರಕ್ಕೂ ಜಾಗ ಬಿಡದೆ ತುಂಡು ತುಂಡಾಗಿ ಹಂಚಿದ ಜಮೀನಿನಲ್ಲಿ ಎಷ್ಟು ಎಚ್ಚರದಿಂದ ಸಾಕಿದರೂ ನೆರೆಯವನ ರೋಗ ತಪ್ಪುವುದಿಲ್ಲ.

ಕಾನೂನಿನ ಮಟ್ಟಿಗೆ ಎರಡು ಉದಾಹರಣೆ ಸಾಕು. 1996ರ ಡಿಸೆಂಬರ್ 11ರಂದು ಭಾರತದ ಸುಪ್ರೀಂ ಕೋರ್ಟ್, ಕೃಷಿಭೂಮಿ, ಉಪ್ಪಿನಗದ್ದೆ, ಕಾಂಡ್ಲಾವನ, ಜೌಗು ನೆಲ, ಅರಣ್ಯ ಹಾಗೂ ಊರಿನ ಸಾರ್ವಜನಿಕ ಬಳಕೆಯ ಜಮೀನನ್ನು ಸೀಗಡಿ ಕೊಳವಾಗಿ ಪರಿವರ್ತಿಸಕೂಡದೆಂದು ಆದೇಶಿಸಿತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಆಮೇಲೆ ಚೌಕಟ್ಟನ್ನೇ ಬದಲಿಸಿತಾದರೂ, ಯಾವುದನ್ನು ಮುಟ್ಟಬಾರದೆಂಬುದಕ್ಕೆ ಆ ಪಟ್ಟಿ ಇಂದಿಗೂ ಒಳ್ಳೆಯ ದಾರಿದೀಪ. ಫಿಲಿಪ್ಪೀನ್ಸ್ ತನ್ನ 1998ರ ಮೀನುಗಾರಿಕಾ ಸಂಹಿತೆಯಲ್ಲಿ, ಮೀನುಕೊಳಕ್ಕೆ ತಕ್ಕ ಸಾರ್ವಜನಿಕ ಜಮೀನನ್ನು ಮಾರುವಂತಿಲ್ಲ, ಗುತ್ತಿಗೆ ಮಾತ್ರ ಕೊಡಬಹುದೆಂದು ವಿಧಿಸಿತು: ವ್ಯಕ್ತಿಗೆ 50 ಹೆಕ್ಟೇರ್, ಕಂಪನಿಗೆ 250 ಹೆಕ್ಟೇರ್ ಮಿತಿ, ಅವಧಿ 25 ವರ್ಷ, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ, ಐದು ವರ್ಷದೊಳಗೆ ಪೂರ್ಣ ಉತ್ಪಾದನೆಗೆ ಬಾರದ ಜಾಗ ಮತ್ತೆ ಕಾಡು ಬೆಳೆಸಲು ತಾನಾಗಿ ಸರ್ಕಾರಕ್ಕೆ ಮರಳಬೇಕು. ನನಗೆ ಬಹಳ ಮುಖ್ಯವಾಗಿ ಕಂಡದ್ದು ಈ ಕೊನೆಯ ಷರತ್ತು. ಅಲ್ಲಿಯೂ ಪಾಳುಬಿದ್ದ ಕೊಳಗಳನ್ನು ವಾಪಸು ಪಡೆಯುವ ಕೆಲಸ ನಿಧಾನವಾಗಿಯೇ ಸಾಗಿದ್ದರಿಂದ, ಏರಿ ಒಡೆದು ನೆಲವನ್ನು ಮೊದಲಿನಂತೆ ಮಾಡುವ ಖರ್ಚನ್ನು ಗುತ್ತಿಗೆಯ ಮೊದಲ ದಿನವೇ ಠೇವಣಿಯಾಗಿ ಕಟ್ಟಿಸಿಕೊಳ್ಳಬೇಕೆಂದು ನಾನು ಸೇರಿಸುತ್ತೇನೆ.

ಪ್ರಶ್ನೆ: ಕೊಳಕ್ಕಾಗಿ ಕಾಂಡ್ಲಾ ಕಡಿದಷ್ಟನ್ನು ಬೇರೆ ಕಡೆ ನೆಟ್ಟು ಸರಿದೂಗಿಸಬಹುದಲ್ಲವೇ?

ಉತ್ತರ: ಬಹುತೇಕ ಆಗುವುದಿಲ್ಲ. ಯಾರ ತಕರಾರೂ ಇಲ್ಲದ ಜಾಗವೆಂದು ಕಡಲಿನ ಕಡೆಯ ತಗ್ಗು ಕೆಸರುಬಯಲಲ್ಲಿ ಸಸಿ ನೆಡುವುದೇ ರೂಢಿ. ಅಲ್ಲಿ ದಿನದ ಹೆಚ್ಚು ಹೊತ್ತು ನೀರು ನಿಲ್ಲುವುದರಿಂದ ಸಸಿಗಳು ಉಸಿರುಕಟ್ಟಿ ಸಾಯುತ್ತವೆ. ಅದಕ್ಕಿಂತ ಬಿಟ್ಟುಹೋದ ಹಳೆಯ ಕೊಳದ ಏರಿಯನ್ನು ತಕ್ಕ ಜಾಗದಲ್ಲಿ ಒಡೆದು ಉಬ್ಬರಕ್ಕೆ ಮತ್ತೆ ದಾರಿ ಮಾಡಿಕೊಡುವುದು ಮೇಲು. ಹತ್ತಿರದಲ್ಲಿ ತಾಯಿಮರಗಳು ಉಳಿದಿದ್ದರೆ ಬೀಜಗಳು ನೀರಿನಲ್ಲಿ ತೇಲಿಬಂದು, ತಮಗೆ ಒಗ್ಗುವ ಮಟ್ಟದಲ್ಲಿ ತಾವೇ ಬೇರೂರುತ್ತವೆ.