ಎರಡು ಪಂದ್ಯಗಳ ಅನುಭವ, ಮೂರು ತಲೆಮಾರಿನ ಹೆಸರು

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನ 2025ರ ಋತು ಆರಂಭವಾಗುವ ಮೊದಲೇ ಟೆಕ್ಸಸ್ ವಿಶ್ವವಿದ್ಯಾಲಯದ ಆರ್ಚ್ ಮ್ಯಾನಿಂಗ್ ಅವರನ್ನು ಎಲ್ಲರೂ ಹಾಡಿ ಹೊಗಳಿದ್ದರು. ಮೊದಲ ಪಂದ್ಯದಲ್ಲೇ ಅವರ ತಂಡ ಒಹಾಯೊ ಸ್ಟೇಟ್ ಎದುರು 7–14ರಿಂದ ಸೋತಿತು. ಇಷ್ಟು ಪ್ರತಿಭೆಯುಳ್ಳ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಕೈಯಿಂದ ಎಸೆದು ತಂಡದ ದಾಳಿ ನಡೆಸುವ ಆಟಗಾರ) ನಿರೀಕ್ಷೆಯ ಮಟ್ಟಕ್ಕೆ ಏರದಿರಲು ಕಾರಣವೇನು?

ಉತ್ತರ: ಆ ನಿರೀಕ್ಷೆ ಯಾವುದರ ಮೇಲೆ ನಿಂತಿತ್ತು ಎಂಬುದನ್ನು ಮೊದಲು ನೋಡಬೇಕು. ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ ಮೂವರೂ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು. ಆದರೆ ಒಹಾಯೊಗೆ ಹೋಗುವ ಮುನ್ನ ಆರ್ಚ್ ಅವರು ಕಾಲೇಜು ಮಟ್ಟದಲ್ಲಿ ಆರಂಭಿಕ ಆಟಗಾರನಾಗಿ ಕಣಕ್ಕಿಳಿದದ್ದು ಎರಡೇ ಪಂದ್ಯಗಳಲ್ಲಿ. ಅಂಥ ಯುವಕನ ತಂಡಕ್ಕೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿ ಋತುವಿಗೆ ಮುಂಚೆಯೇ ಮೊದಲ ಸ್ಥಾನ ಕೊಟ್ಟಿತ್ತು.

ಆಟದ ಒಳಗಿನ ಕಾರಣವೂ ಇದೆ. ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಹೆಚ್ಚೆಂದರೆ ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ಅವನು ಎದುರಾಳಿಗಳ ರಕ್ಷಣಾ ವ್ಯೂಹವನ್ನು ಓದಿ, ಒಬ್ಬ ಸಹ ಆಟಗಾರನಿಂದ ಮತ್ತೊಬ್ಬನತ್ತ ಕಣ್ಣು ಹೊರಳಿಸಿ, ಪಾದ ಊರಿ ಎಸೆಯಬೇಕು. ಮುಂದೆ ನಿಂತು ಅವನನ್ನು ರಕ್ಷಿಸುವ ಐವರು ಸಹ ಆಟಗಾರರಲ್ಲಿ ಒಬ್ಬ ಜರುಗಿದರೂ ಪಾದ ತಪ್ಪುತ್ತದೆ, ಮೈಭಾರ ಮುಂಗಾಲಿಗೆ ಬರುವುದಿಲ್ಲ, ಚೆಂಡು ಹಿಡಿಯುವವನ ತಲೆಯ ಮೇಲಿಂದ ಹಾರಿಹೋಗುತ್ತದೆ. ಪ್ರೇಕ್ಷಕರಿಗೆ ಕಾಣುವುದು ಎಸೆದ ಕೈ ಮಾತ್ರ. ಹಾಗೆಂದು ಆಟಗಾರನದು ತಪ್ಪೇ ಇಲ್ಲ ಎನ್ನಲಾರೆ. ಒತ್ತಡ ಇಲ್ಲದಿರುವಾಗಲೂ ಪಾದ ಚಂಚಲವಾಗಿದ್ದರೆ ಅದು ಅವನೇ ತಿದ್ದಿಕೊಳ್ಳಬೇಕಾದ ದೋಷ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇಂಥದೇ ನಿರೀಕ್ಷೆ ಹೊತ್ತಿದ್ದ, ನಾಟ್ರ ಡೇಮ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ರಾನ್ ಪೌಲಸ್ ಅವರ ಕಥೆ. ಕ್ರೀಡಾ ವಿಶ್ಲೇಷಕ ಬೀನೋ ಕುಕ್ ಅವರು ಪೌಲಸ್ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು ಕನಿಷ್ಠ ಎರಡು ಬಾರಿ ಗೆಲ್ಲುತ್ತಾರೆಂದು ಭವಿಷ್ಯ ನುಡಿದಿದ್ದರು. ಆ ಟ್ರೋಫಿಯನ್ನು ಎರಡು ಸಲ ಗೆದ್ದವರು ಇಡೀ ಇತಿಹಾಸದಲ್ಲಿ ಒಬ್ಬರೇ, 1974 ಮತ್ತು 1975ರಲ್ಲಿ ಗೆದ್ದ ಆರ್ಚಿ ಗ್ರಿಫಿನ್. 1993ರಲ್ಲಿ ಕೊರಳೆಲುಬು ಮುರಿದು ಪೌಲಸ್ ಆ ವರ್ಷ ಆಡಲೇ ಇಲ್ಲ. ಮರುವರ್ಷದ ಮೊದಲ ಪಂದ್ಯದಲ್ಲಿ ನಾಲ್ಕು ಟಚ್‌ಡೌನ್ ಪಾಸ್ (ತಂಡಕ್ಕೆ ಅಂಕ ತರುವ ಎಸೆತ) ಎಸೆದಾಗ ನಿರೀಕ್ಷೆ ಇನ್ನಷ್ಟು ಉಬ್ಬಿತು. ಹೈಸ್ಮನ್ ಒಮ್ಮೆಯೂ ದಕ್ಕಲಿಲ್ಲ. ಆದರೂ 52 ಟಚ್‌ಡೌನ್ ಪಾಸ್‌ಗಳೊಂದಿಗೆ ಅವರು ತಮ್ಮ ಕಾಲೇಜಿನ ದಾಖಲೆಗಳನ್ನು ಮುರಿದು ಹೊರಬಂದರು. ಇಂಥವರನ್ನು ವಿಫಲರೆಂದು ಕರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ಸ್ಪೆನ್ಸರ್ ರ್‍ಯಾಟ್ಲರ್ ಅವರ ಪ್ರಸಂಗ ಬೇರೆ ಬಗೆಯದು. 2021ರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರು ಹೈಸ್ಮನ್‌ಗೆ ಮುಂಚೂಣಿಯ ಹೆಸರು. ತವರು ಮೈದಾನದಲ್ಲೇ ಅಭಿಮಾನಿಗಳು ಮೀಸಲು ಆಟಗಾರ ಕೇಲೆಬ್ ವಿಲಿಯಮ್ಸ್ ಬೇಕೆಂದು ಕೂಗಿದರು, ಟೆಕ್ಸಸ್ ಎದುರಿನ ಪಂದ್ಯದ ನಡುವೆ ರ್‍ಯಾಟ್ಲರ್ ಅವರ ಸ್ಥಾನವೂ ಹೋಯಿತು. ಇಪ್ಪತ್ತರ ಹರೆಯದ ವಿದ್ಯಾರ್ಥಿಯೊಬ್ಬ ಅಂಚಿನಲ್ಲಿ ನಿಂತು ತನ್ನವರದೇ ಆ ಕೂಗನ್ನು ಕೇಳಿಸಿಕೊಳ್ಳುವುದು ಎಂಥ ಶಿಕ್ಷೆ! ಮರುವರ್ಷ ಸೌತ್ ಕ್ಯಾರೊಲಿನಾ ಸೇರಿ, ಟೆನೆಸ್ಸಿಯನ್ನು 63–38ರಿಂದ ಮಣಿಸಿದ ಪಂದ್ಯದಲ್ಲಿ ಅವರು ಆರು ಟಚ್‌ಡೌನ್ ಪಾಸ್ ಎಸೆದರು.

ಆರ್ಚ್ ಅವರ ವಿಷಯದಲ್ಲೂ ಮೊದಲ ಪಂದ್ಯವೇ ತೀರ್ಪಲ್ಲ. ಅದೇ ಋತುವಿನ ನವೆಂಬರ್‌ನಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು ಅವರ ತಂಡ ಸೋಲಿಸಿತು.