ಓದುಗರ ಪ್ರಶ್ನೆ: ಕ್ಲಿಕ್ ಇದೆ, ಗಿರಾಕಿ ಇಲ್ಲ

ಪ್ರಶ್ನೆ: ಆನ್‌ಲೈನ್‌ನಲ್ಲಿ ಹೊಲಿಗೆ ತರಗತಿ ನಡೆಸುತ್ತೇನೆ. ‘ಹೊಲಿಗೆ ತರಗತಿ’ ಎಂಬ ಕೀವರ್ಡ್‌ಗೆ ಗೂಗಲ್‌ನಲ್ಲಿ ಜಾಹೀರಾತು ಕೊಟ್ಟಿದ್ದೇನೆ. ಬೇಕಾದಷ್ಟು ಕ್ಲಿಕ್ ಬರುತ್ತವೆ, ಸೇರುವವರು ಮಾತ್ರ ಇಲ್ಲ. ಬಜೆಟ್ ಮಧ್ಯಾಹ್ನಕ್ಕೇ ಖಾಲಿ. ಬಿಡ್ (ಒಂದು ಕ್ಲಿಕ್ಕಿಗೆ ಕೊಡಲು ಒಪ್ಪುವ ಮೊತ್ತ) ಏರಿಸಲೇ?

ಉತ್ತರ: ದಯವಿಟ್ಟು ಬಿಡ್ ಮುಟ್ಟಬೇಡಿ. ಮೊದಲು ‘ಸರ್ಚ್ ಟರ್ಮ್ಸ್’ ವರದಿ ತೆರೆಯಿರಿ. ಕೀವರ್ಡ್ ನೀವು ಬರೆದುಕೊಟ್ಟದ್ದು; ಸರ್ಚ್ ಟರ್ಮ್ ಜನ ನಿಜವಾಗಿ ಟೈಪ್ ಮಾಡಿದ್ದು. ಕೀವರ್ಡನ್ನು ಯಾವ ಚಿಹ್ನೆಯೂ ಇಲ್ಲದೆ ಬರೆದರೆ ಅದು ಬ್ರಾಡ್ ಮ್ಯಾಚ್, ಅಂದರೆ ಸಂಬಂಧಪಟ್ಟ ಹುಡುಕಾಟಗಳಿಗೆಲ್ಲ ಹೊಂದುವ ವಿಶಾಲ ಬಗೆ. ಆಗ ‘ಹೊಲಿಗೆ ಯಂತ್ರ ರಿಪೇರಿ’, ‘ಹೊಲಿಗೆ ಕೆಲಸ ಖಾಲಿ ಇದೆಯೇ’, ‘ಉಚಿತ ಹೊಲಿಗೆ ವಿಡಿಯೊ’ ಎಂದು ಹುಡುಕಿದವರ ಮುಂದೆಯೂ ನಿಮ್ಮ ಜಾಹೀರಾತು ನಿಲ್ಲಬಹುದು. ಅವರು ಒತ್ತಿದ ಒಂದೊಂದು ಕ್ಲಿಕ್ಕಿಗೂ ದುಡ್ಡು ನಿಮ್ಮದೇ. ಉದ್ಧರಣ ಚಿಹ್ನೆಯೊಳಗೆ ಬರೆದರೆ ಫ್ರೇಸ್ ಮ್ಯಾಚ್ (ಕೀವರ್ಡಿನ ಅರ್ಥ ಒಳಗೊಂಡ ಹುಡುಕಾಟಕ್ಕೆ), ಚೌಕ ಆವರಣದೊಳಗೆ ಬರೆದರೆ ಎಕ್ಸಾಕ್ಟ್ ಮ್ಯಾಚ್ (ಎಲ್ಲಕ್ಕಿಂತ ಬಿಗಿಯಾದದ್ದು). ಎಕ್ಸಾಕ್ಟ್ ಕೂಡ ಈಗ ಅಕ್ಷರಶಃ ಅಲ್ಲ, ಅದೇ ಅರ್ಥದ ಹುಡುಕಾಟವನ್ನೂ ಸೇರಿಸಿಕೊಳ್ಳುತ್ತದೆ. ಆದರೂ ಸಣ್ಣ ಬಜೆಟ್ಟಿನವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ವರದಿಯಲ್ಲಿ ಸಂಬಂಧವಿಲ್ಲದ್ದು ಕಂಡಾಗ ‘ರಿಪೇರಿ’, ‘ಕೆಲಸ’, ‘ಉಚಿತ’ ಎಂಬಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ತೋರಿಸಬಾರದ ಪದಗಳ ಪಟ್ಟಿಗೆ ಹಾಕಿ. ಬಹಳ ಜನ ಇಲ್ಲೇ ಎಡವುತ್ತಾರೆ: ನೆಗೆಟಿವ್ ಪದ ಸಮಾನಾರ್ಥಕವನ್ನು ತಡೆಯುವುದಿಲ್ಲ. ‘ಕೆಲಸ’ ಹಾಕಿದರೆ ‘ಉದ್ಯೋಗ’ ನಿಲ್ಲದು. ಬಹುವಚನವನ್ನೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ರೂಪವನ್ನೂ ಬೇರೆಯಾಗಿಯೇ ಸೇರಿಸಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ ಈ ವರದಿ ನೋಡಿ. ತೀರ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಅದರಲ್ಲಿ ತೋರಿಸುವುದಿಲ್ಲವಾದ್ದರಿಂದ ವರದಿಯ ಮೊತ್ತ ಒಟ್ಟು ಕ್ಲಿಕ್ಕುಗಳ ಜೊತೆ ಪೂರ್ತಿ ತಾಳೆಯಾಗದು.

ಇನ್ನು ಕ್ಯಾಂಪೇನ್ ಸೆಟ್ಟಿಂಗ್ಸ್. ಡಿಸ್‌ಪ್ಲೇ ನೆಟ್‌ವರ್ಕ್‌ಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಹುಡುಕದೇ ಇದ್ದವರಿಗೂ ಬೇರೆ ಬೇರೆ ಸೈಟು, ಆ್ಯಪ್‌ಗಳಲ್ಲಿ ಜಾಹೀರಾತು ಕಾಣುತ್ತದೆ. ಸ್ಥಳದ ಆಯ್ಕೆಯೂ ತಾನಾಗಿ ‘ಅಲ್ಲಿ ಇರುವವರು ಅಥವಾ ಅದರಲ್ಲಿ ಆಸಕ್ತಿ ಇರುವವರು’ ಎಂದಿರುತ್ತದೆ. ನಿರ್ದಿಷ್ಟ ಪ್ರದೇಶದವರಷ್ಟೇ ಸಾಕಾದರೆ ‘ಇರುವವರು’ ಎಂದು ಬದಲಿಸಿ. ದಿನದ ಬಜೆಟ್ 100 ಎಂದಿಟ್ಟರೆ ಒಂದೊಂದು ದಿನ 200ರವರೆಗೂ ಖರ್ಚಾದೀತು. ತಿಂಗಳ ಮಿತಿ ಅದರ 30.4 ಪಟ್ಟು, ಅಂದರೆ 3,040.

ಪ್ರಶ್ನೆ: ನನ್ನ ಸೈಟಿನ ಲೇಖನಗಳು ಗೂಗಲ್‌ನಲ್ಲಿ ಮೊದಲಿನಷ್ಟೇ ಮೇಲೆ ಬರುತ್ತಿವೆ, ಓದುಗರು ಮಾತ್ರ ಕಡಿಮೆಯಾಗಿದ್ದಾರೆ. ಏಕೆ?

ಉತ್ತರ: ನಿಮ್ಮ ಸೈಟು ಗೂಗಲ್ ಹುಡುಕಾಟದಲ್ಲಿ ಹೇಗಿದೆಯೆಂದು ತೋರಿಸುವ ಗೂಗಲ್‌ನ ಸಾಧನ ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಈ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ, ಒಂದೊಂದೇ ಪುಟವಾಗಿ. ಸ್ಥಾನ ಕುಸಿದಿದ್ದರೆ ತೊಂದರೆ ಪುಟದ್ದು. ಇಂಪ್ರೆಶನ್ (ಫಲಿತಾಂಶದಲ್ಲಿ ಕಾಣಿಸಿಕೊಂಡ ಸಲ), ಸ್ಥಾನ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಬಿದ್ದಿದ್ದರೆ, ಉತ್ತರ ಹುಡುಕಾಟದ ಪುಟದಲ್ಲೇ ಸಿಕ್ಕಿಬಿಡುತ್ತಿರುವ ಸಾಧ್ಯತೆ ಹೆಚ್ಚು. ಗೂಗಲ್ 2024ರ ಮೇನಲ್ಲಿ ಅಮೆರಿಕದಲ್ಲಿ ಆರಂಭಿಸಿದ ಎಐ ಓವರ್‌ವ್ಯೂ (ಫಲಿತಾಂಶಗಳ ಮೇಲೆ ಎಐ ಬರೆದುಕೊಡುವ ಸಾರಾಂಶ) ಈಗ ಹಲವು ದೇಶಗಳಲ್ಲಿದೆ. ಅದರೊಳಗಿನ ಕೊಂಡಿಗಳಿಗೆಲ್ಲ ಒಂದೇ ಸ್ಥಾನಸಂಖ್ಯೆ ಸಿಗುತ್ತದೆ. ಹಾಗಾಗಿ ವರದಿಯಲ್ಲಿ 1 ಎಂದು ಕಂಡರೂ ನಿಮ್ಮ ಕೊಂಡಿ ಒಳಗೆಲ್ಲೋ ಮಡಚಿಕೊಂಡಿರಬಹುದು.

ಪಠ್ಯದ ತುಣುಕು ತೋರಿಸಬೇಡಿ ಎಂದು ಗೂಗಲ್‌ಗೆ ಹೇಳುವ ‘ನೋಸ್ನಿಪೆಟ್’ ಟ್ಯಾಗನ್ನು ಪುಟಕ್ಕೆ ಹಾಕಿದರೆ ನಿಮ್ಮ ಪಠ್ಯ ಅಲ್ಲಿ ಬರದು ನಿಜ, ಆದರೆ ಮಾಮೂಲಿ ಫಲಿತಾಂಶದಡಿಯ ವಿವರಣೆಯೂ ಮಾಯವಾಗುತ್ತದೆ. ನಮ್ಮ ಸಲಹೆ ಬೇರೆ: ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಲೇಖನಗಳ ಮೇಲೆ ಶ್ರಮ ಕಡಿಮೆ ಮಾಡಿ, ಅಳತೆಯ ಪಟ್ಟಿ, ನಿಮ್ಮದೇ ಚಿತ್ರ, ಮಾಡಿ ನೋಡಿದ ಪ್ರಯೋಗ ಇರುವ ಪುಟಗಳನ್ನು ಬೆಳೆಸಿ. ಬಂದ ಓದುಗರ ಇಮೇಲ್ ಪಟ್ಟಿಯನ್ನೂ ಕಟ್ಟಿಕೊಳ್ಳಿ.

ಪ್ರಶ್ನೆ: ಫೇಸ್‌ಬುಕ್ ತನ್ನ ಜಾಹೀರಾತಿನಿಂದ 40 ಆರ್ಡರ್ ಬಂದಿದೆ ಎನ್ನುತ್ತದೆ, ಅನಲಿಟಿಕ್ಸ್ (ಸೈಟಿಗೆ ಯಾರು ಎಲ್ಲಿಂದ ಬಂದರೆಂದು ಎಣಿಸುವ ಸಾಧನ) 15 ಎನ್ನುತ್ತದೆ. ಯಾವುದು ಸರಿ?

ಉತ್ತರ: ಎಣಿಸುವ ರೀತಿಯೇ ಬೇರೆ. ಫೇಸ್‌ಬುಕ್ ಸಾಮಾನ್ಯವಾಗಿ ಕ್ಲಿಕ್ ಮಾಡಿದ ಏಳು ದಿನದೊಳಗಿನ ಆರ್ಡರನ್ನೂ, ಬರೀ ನೋಡಿದ ಒಂದು ದಿನದೊಳಗಿನದನ್ನೂ ತನ್ನದೆಂದು ಬರೆದುಕೊಳ್ಳುತ್ತದೆ. ಬರೀ ನೋಡಿ ಹೋದವರ ಸುಳಿವು ಅನಲಿಟಿಕ್ಸ್‌ಗೆ ಇರುವುದಿಲ್ಲ. ಪ್ರತಿ ಕೊಂಡಿಗೂ ಯುಟಿಎಂ ಟ್ಯಾಗ್ (ಗಿರಾಕಿ ಎಲ್ಲಿಂದ ಬಂದರೆಂದು ತಿಳಿಯಲು ಕೊಂಡಿಗೆ ಸೇರಿಸುವ ಗುರುತು) ಹಚ್ಚಿ, ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಿರಿ. ದೊಡ್ಡಕ್ಷರ ಬೆರೆತರೆ ಒಂದೇ ಮೂಲ ಎರಡು ಸಾಲಾಗಿ ಒಡೆಯುತ್ತದೆ. ಆಮೇಲೆ ಎರಡು ವಾರ ಜಾಹೀರಾತು ನಿಲ್ಲಿಸಿ, ನಿಮ್ಮ ಆರ್ಡರ್ ಪುಸ್ತಕದಲ್ಲಿ ಒಟ್ಟು ಎಷ್ಟು ಇಳಿಯುತ್ತದೆ ನೋಡಿ. ಹಬ್ಬ, ರಿಯಾಯಿತಿಯ ವಾರಗಳನ್ನು ಇದಕ್ಕೆ ಆರಿಸಬೇಡಿ.