ನಾಟಕದ ಮೇಷ್ಟ್ರಿಗೆ ಕೊಡುವವರು ಯಾರು?

(ಸಾಗರದ ನಿವೃತ್ತ ಹೈಸ್ಕೂಲ್ ಶಿಕ್ಷಕಿಯೊಬ್ಬರ ಪತ್ರದ ಸಾರ: ಮಗಳ ಮನೆಗೆಂದು ಅಮೆರಿಕದ ಒಹಾಯೊಗೆ ಹೋಗಿದ್ದಾಗ ಅಲ್ಲಿನ ಹೈಸ್ಕೂಲ್ ಮಕ್ಕಳ ನಾಟಕ ನೋಡಿದೆ. ಖರ್ಚಿಗೆ ನೆರವಾದದ್ದು ಊರಿನ 'ಕಮ್ಯುನಿಟಿ ಫೌಂಡೇಶನ್' ಅಂತೆ. ನಮ್ಮಲ್ಲಿ ಇಂಥದ್ದು ಯಾಕಿಲ್ಲ? ತೀರಿಕೊಂಡ ನಮ್ಮ ಯಜಮಾನರ ಹೆಸರಿನಲ್ಲಿ 2 ಲಕ್ಷ ರೂಪಾಯಿ ಕೊಟ್ಟು, ನಾನು ಪಾಠ ಮಾಡಿದ ಶಾಲೆಗೆ ರಂಗವೇದಿಕೆ ಕಟ್ಟಿಸಬೇಕೆಂದಿದ್ದೇನೆ. ಏನಂತೀರಿ?)

ಮೇಡಂ, ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ವೇದಿಕೆ ಬೇಡ. ಬೇಜಾರು ಮಾಡಿಕೊಳ್ಳಬೇಡಿ. ಕಾರಣ ಹೇಳೋದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ನಾನು ಓದಿದ ಹೈಸ್ಕೂಲಿನಲ್ಲಿ ಒಂದು ದತ್ತಿ ಬಹುಮಾನ ಇತ್ತು. ತಕಲಿಯಲ್ಲಿ ಚೆನ್ನಾಗಿ ನೂಲು ತೆಗೆದವರಿಗೆ 11 ರೂಪಾಯಿ. ಊರಿನ ಸಾಹುಕಾರರೊಬ್ಬರು ತಾಯಿಯ ಹೆಸರಲ್ಲಿ ಇಟ್ಟಿದ್ದು. ನಾನು ಸೇರುವ ಹೊತ್ತಿಗೇ ತಕಲಿಗಳು ಬೀರು ಸೇರಿದ್ದವು. ಮೊನ್ನೆ ಆ ಕಡೆ ಹೋಗಿದ್ದಾಗ ಸುಮ್ನೆ ವಿಚಾರಿಸಿದೆ. ಪಾಸ್‌ಬುಕ್ಕು ಹಾಗೇ ಇದೆ. ಬಡ್ಡಿಯೂ ಬೆಳೆದಿದೆ. ಆದರೆ ಮುಟ್ಟುವ ಹಾಗಿಲ್ಲ, ದತ್ತಿ ಪತ್ರದಲ್ಲಿ 'ನೂಲಿಗೆ' ಅಂತಲೇ ಬರೆದಿದೆ. ಚಿಕ್ಕ ವಯಸ್ಸಿನ ಗುಮಾಸ್ತರು ಪುಸ್ತಕ ಮುಚ್ಚುತ್ತಾ ಕೇಳಿದರು, "ಸಾರ್, ತಕಲಿ ಅಂದ್ರೆ ಏನು?"

ನೀವು ನೋಡಿ ಬಂದ ಕಮ್ಯುನಿಟಿ ಫೌಂಡೇಶನ್ ಹುಟ್ಟಿದ್ದು ಇಂಥದ್ದೇ ತಲೆನೋವಿಗೆ ಮದ್ದಾಗಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬ್ರಯನ್ ಮುಲನ್ಫಿ ಅಂತ ಒಬ್ಬರಿದ್ದರು. 1851ರಲ್ಲಿ ತೀರಿಕೊಂಡರು. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಟ ವಲಸೆಗಾರರಿಗೆ ನೆರವಾಗಲಿ ಅಂತ ಆಸ್ತಿಯ ಮೂರರಲ್ಲೊಂದು ಪಾಲು ಬರೆದಿಟ್ಟಿದ್ದರು. ಆಮೇಲೆ ರೈಲು ಬಂತು. ಗಾಡಿಯವರೇ ಇಲ್ಲ, ದುಡ್ಡು ಮಾತ್ರ ಇದೆ. ನಮ್ಮ ತಕಲಿ ದತ್ತಿಯ ಅಣ್ಣ ಅನ್ನಿ!

ಕ್ಲೀವ್‌ಲ್ಯಾಂಡಿನ ಬ್ಯಾಂಕೊಂದರ ಮುಖ್ಯಸ್ಥ ಫ್ರೆಡರಿಕ್ ಗಾಫ್ 1914ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಹತ್ತಾರು ಜನರ ದತ್ತಿ ಒಂದೇ ಕಡೆ ಸೇರಲಿ. ದುಡ್ಡನ್ನು ಬ್ಯಾಂಕು ಕಾಯಲಿ. ಹಂಚುವುದನ್ನು ಊರಿನ ಸಣ್ಣ ಸಮಿತಿ ನೋಡಿಕೊಳ್ಳಲಿ, ಅದರಲ್ಲಿ ಮೇಯರ್, ನ್ಯಾಯಾಧೀಶರು ಆರಿಸಿದವರೂ ಇರಲಿ. ದಾನಿ ಹೇಳಿದ ಉದ್ದೇಶಕ್ಕೆ ಅರ್ಥವೇ ಉಳಿಯದಿದ್ದರೆ ಅದನ್ನು ಬದಲಿಸುವ ಹಕ್ಕೂ ಆ ಸಮಿತಿಗೆ ಇರಲಿ. ನಿಮ್ಮ ಮಗಳ ರಾಜ್ಯದಲ್ಲಿ ಹುಟ್ಟಿದ ಈ ಕ್ಲೀವ್‌ಲ್ಯಾಂಡ್ ಫೌಂಡೇಶನ್ನೇ ಜಗತ್ತಿನ ಮೊದಲ ಕಮ್ಯುನಿಟಿ ಫೌಂಡೇಶನ್.

ಇನ್ನೊಂದು ತಮಾಷೆ ಕೇಳಿ. ಉಯಿಲು ಬರೆದವರೆಲ್ಲ ಗಟ್ಟಿಮುಟ್ಟಾಗಿ ಬದುಕಿದ್ದರಿಂದ ಮೊದಲ ಕೆಲವು ವರ್ಷ ಹಂಚೋದಕ್ಕೆ ದುಡ್ಡೇ ಇರಲಿಲ್ಲ. ಹಾಗಂತ ಕೈಕಟ್ಟಿ ಕೂರಲಿಲ್ಲ. ಊರಿನ ಶಾಲೆಗಳ ಸಮೀಕ್ಷೆ ಮಾಡಿಸಿ 25 ವರದಿ ಹೊರತಂದರು. ಮೊದಲು ಏನು ಬೇಕು ಅಂತ ಕೇಳಿದರು, ಕೊಡೋದು ಆಮೇಲೆ. ನಾವು ಮಾಡೋದು ಇದರ ಉಲ್ಟಾ, ಅಲ್ವಾ? ಫ್ಯಾನಿನ ಮೂರೂ ರೆಕ್ಕೆಗೆ ದಾನಿಯ ಹೆಸರು ಬರೆಸುತ್ತೇವೆ. ಕರೆಂಟು ಬಂದು ಫ್ಯಾನು ತಿರುಗಿದರೆ ಹೆಸರು ಕಾಣೋಲ್ಲ.

ನಮ್ಮಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ಆ ಹೆಸರಿನಲ್ಲಿ ಇಲ್ಲದಿದ್ದರೂ ಹತ್ತಿರ ಬರುವಂಥದ್ದು ಇದೆ. ಉಡುಪಿಯ ಯಕ್ಷಗಾನ ಕಲಾರಂಗವನ್ನೇ ನೋಡಿ. 1975ರಲ್ಲಿ ಶುರುವಾಯಿತು. ಕಲಾವಿದರ ಕಷ್ಟಕ್ಕೆ 'ಯಕ್ಷನಿಧಿ', ಓದುವ ಬಡ ಮಕ್ಕಳಿಗೆ 'ವಿದ್ಯಾಪೋಷಕ್', ಎರಡನ್ನೂ ದಾನಿಗಳ ಹಣದಿಂದಲೇ ನಡೆಸುತ್ತಾರೆ. ಅದೇ ಊರಿನ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತದೆ. ಕಲಿತ ಮಕ್ಕಳು ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ವೇಷ ಹಾಕಿ ರಂಗಕ್ಕೆ ಬರುತ್ತಾರೆ. ಹುಡುಗಿಯರೂ ಗೆಜ್ಜೆ ಕಟ್ಟುತ್ತಾರೆ. ಗಮನಿಸಿ, ದುಡ್ಡು ಹೋಗಿದ್ದು ಗೋಡೆಗಲ್ಲ, ಗುರುವಿಗೆ.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಒಂದು ಕಾಗದ ಬರೆದು ನೋಡಿ. ಅವರ 'ಕಲಿ-ಕಲಿಸು' ಯೋಜನೆಯಿಂದ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರು ಅನುದಾನ ಪಡೆದಿದ್ದಾರೆ. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು 2013ರಿಂದ ಇದೆ, ಆ ಪಟ್ಟಿಯಲ್ಲಿ ಕಲೆಯೂ ಉಂಟು. ಆದರೆ ಕಾರ್ಖಾನೆಯಿಲ್ಲದ ಊರಿನ ಶಾಲೆಯತ್ತ ಆ ದುಡ್ಡು ತಿರುಗಿ ನೋಡೋದು ಕಡಿಮೆ. ಅದನ್ನು ನಂಬಿ ಕೂರಬೇಡಿ.

ಈಗ ನಿಮ್ಮ 2 ಲಕ್ಷ. ವೇದಿಕೆಗೆ ಹಾಕಿದರೆ ಸಿಮೆಂಟು, ಕಬ್ಬಿಣದಲ್ಲೇ ಮುಗಿಯುತ್ತದೆ. ಮೇಲೆ ಶೀಟು ಹೊದಿಸಲು ಮತ್ತೆ ಯಾರನ್ನೋ ಕೇಳಬೇಕು. ಆಮೇಲೆ ಆಗಸ್ಟ್ 15ಕ್ಕೆ ಭಾಷಣ, ಉಳಿದ ದಿನ ಬಿಸಿಯೂಟದ ಅಕ್ಕಿ ಮೂಟೆ. ಬ್ಯಾಂಕಿನಲ್ಲಿಟ್ಟು ಬಡ್ಡಿ ಶೇಕಡಾ 7 ಅಂತ ಹಿಡಿಯಿರಿ, ವರ್ಷಕ್ಕೆ 14,000. ಜಾಸ್ತಿ ಏನಲ್ಲ. ಆದರೆ ನೀವಿರೋದು ಹೆಗ್ಗೋಡಿನ ಪಕ್ಕದಲ್ಲಿ. ಅಲ್ಲಿನ ರಂಗಸಂಸ್ಥೆ ನೀನಾಸಂನಲ್ಲಿ ಕಲಿತವರು ಸುತ್ತಮುತ್ತ ಎಷ್ಟು ಜನ ಇದ್ದಾರೆ ಅಂತ ನಾನು ಹೇಳಬೇಕೇ? ಅವರಲ್ಲೊಬ್ಬರನ್ನು ಕರೆಸಿ ದಸರಾ ರಜೆಯಲ್ಲಿ ಮಕ್ಕಳಿಗೊಂದು ನಾಟಕ ಕಲಿಸಿ. ಬಸ್ ಚಾರ್ಜು, ಊಟ, ಗೌರವಧನ, ಬಣ್ಣ, ಬಾಡಿಗೆ ಬಟ್ಟೆ, ಹೇಗೋ ಸುಧಾರಿಸಬಹುದು. ಕೈಕಚ್ಚಿದರೆ ನಿಮ್ಮ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಟೀಚರ್ ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಯಜಮಾನರ ಹೆಸರು ಖಂಡಿತ ಇರಲಿ, ನಾಟಕದ ಕರಪತ್ರದ ಮೇಲೆ, ಪ್ರತಿ ವರ್ಷ. ದತ್ತಿ ಪತ್ರ ಮಾಡಿಸುವಾಗ ಮಾತ್ರ ಒಂದು ಸಾಲು ಮರೆಯದೆ ಸೇರಿಸಿ: 'ಮುಂದೆ ಈ ಉದ್ದೇಶಕ್ಕೆ ಬಳಸಲು ಆಗದಿದ್ದರೆ, ಮುಖ್ಯೋಪಾಧ್ಯಾಯರೂ ಊರಿನ ನಾಲ್ವರೂ ಕೂತು, ಮಕ್ಕಳ ಕಲೆಗೆ ಬೇರೆ ಯಾವ ರೀತಿ ಬೇಕೋ ಹಾಗೆ ಬಳಸಬಹುದು.' ಕರಡನ್ನು ವಕೀಲರಿಗೊಮ್ಮೆ ತೋರಿಸಿ. ನಾಟಕದ ತಾರೀಕು ಗೊತ್ತಾದ ಮೇಲೆ ನನಗೂ ಒಂದು ಕಾರ್ಡು ಹಾಕಿ.

- ಸಂಪಾದಕ